ಅರಸೀಕೆರೆಯಲ್ಲಿ ಇಂಜಿನ್ ಇಳಿಸಿದ್ದು

ಸ್ಟೇಷನ್ ರೋಡಿನ ನನ್ನ ಜೆರಾಕ್ಸ್ ಅಂಗಡಿಗೆ
ನವೆಂಬರ್ ಅಂದರೆ ಪಿಂಚಣಿಯವರ ತಿಂಗಳು.
ಬದುಕಿದ್ದೇವೆ ಎಂದು ಹೆಬ್ಬೆಟ್ಟೊತ್ತಿ ಹೋಗುತ್ತಾರೆ,
ತಲೆಗೆ ಮೂವತ್ತು ರೂಪಾಯಿ.

ಆವತ್ತು ಕಂಪ್ಯೂಟರ್ ಖಾಲಿ ಇರಲಿಲ್ಲ.
ಒಂಬತ್ತನೇ ಕ್ಲಾಸಿನ ತಸ್ಮಿಯಾ
ದುಪಟ್ಟಾ ಕುರ್ಚಿಗೆ ಸಿಕ್ಕಿಸಿ ಕೂತು
ಇಂಜಿನ್ ಇಳಿಸಿಕೊಳ್ಳುತ್ತಿದ್ದಳು.
ನೂರಕ್ಕೆ ನಲವತ್ತೊಂದು. ಆಗಿನಿಂದ ಅಲ್ಲೇ.

"ಯಾವ ಇಂಜಿನ್ನಮ್ಮಾ?" ಬೆಂಚಿನ ಮೇಲಿಂದ ಮರುಳಯ್ಯ,
ಮೂವತ್ತೊಂದು ವರ್ಷ ಪಾಯಿಂಟ್ಸ್‌ಮನ್, ಇದೇ ಜಂಕ್ಷನ್ನಿನಲ್ಲಿ.
"ಆಟದ್ದು ತಾತ. ಆಟ ಮಾಡೋ ಇಂಜಿನ್ನು."
"ಹಾಸನದ ಕಡೆಗೋ, ಹುಬ್ಬಳ್ಳಿ ಕಡೆಗೋ?"
ಅವಳಿಗೆ ನಗು. ಅವರಿಗಿಲ್ಲ.
ಗೂಡ್ಸ್ ಒಂದು ಹಾದು ಅಂಗಡಿಯ ಗಾಜು ನಡುಗಿತು,
ಕಣ್ಣು ಮುಚ್ಚಿಯೇ ಬೋಗಿ ಎಣಿಸಿದರು: ಐವತ್ತೆಂಟು.
ಅಷ್ಟು ಹೊತ್ತಿಗೆ ನಲವತ್ತೆರಡು.

ಇಳಿದದ್ದು ಗಂಟು. ಬಿಚ್ಚದೆ ಒತ್ತಿದರೆ ಏಳುವುದಿಲ್ಲ,
ಇಷ್ಟು ತಿಳಿಯಲು ನಮಗೆ ಇಪ್ಪತ್ತು ನಿಮಿಷ.
ಮೂವತ್ತೆರಡೋ ಅರವತ್ತನಾಲ್ಕೋ, ಅವಳು ನನ್ನ ಕೇಳಿದಳು.
"ಅರವತ್ತೇಳು," ಅಂದರು ಮರುಳಯ್ಯ,
"ಬರೋ ಶಿವರಾತ್ರಿಗೆ."

ಪಹಣಿ, ಮದುವೆ ಕರೆಯೋಲೆ, ಬಾಡಿಗೆ ಕರಾರುಗಳ ನಡುವೆ
ಒಂದು ಹೊಸ ಫೋಲ್ಡರು. ಹೆಸರು 'ಕಾಯಿ'.
ಒತ್ತಿದರೆ ಕೆಂಪಕ್ಷರ: ನಿಮ್ಮ ಡ್ರೈವರ್ ತೀರಾ ಹಳೆಯದು.
"ಹಳಬ ಆದಷ್ಟೂ ಒಳ್ಳೇದಲ್ವೇ? ತಿರುವೆಲ್ಲ ಕೈಯಲ್ಲೇ ಇರ್ತವೆ."
ಹಳೇ ಯಂತ್ರಗಳಿಗೆಂದೇ ಇಟ್ಟಿದ್ದ ದಾರಿ ಆರಿಸಿದಳು.
ಫ್ಯಾನು ಗೊರ್ ಅಂತು.
ಬೂದು ಕಿಟಕಿ ತೆರೆಯಿತು, ಒಳಗೆ ಏನೂ ಇಲ್ಲ.

ಏನೂ ಇಲ್ಲ ಅಂದರೆ ಎರಡು ಗೆರೆ,
ಒಂದು ಕೆಂಪು, ಒಂದು ಹಸಿರು, ಕೂಡುವಲ್ಲಿ ಸೊನ್ನೆ.
ಅಂಥ ಬಯಲು ನಾನು ಕಂಡಿದ್ದು ಒಂದೇ ಸಲ,
ಈ ಅಂಗಡಿ ಹಿಡಿದ ದಿನ, ಶಟರ್ ಎತ್ತಿದಾಗ.

ಕಾಯಿ ಬರೆದಳು. ಕಂದು ದುಂಡು, ಮೂರು ಕಣ್ಣು.
ನೆಲ ಬರೆದಳು, ಹುಲ್ಲಿನ ಸಮೇತ.
ಕಾಯಿಗೆ ಭಾರ ಕೊಟ್ಟು ಚಾಲೂ ಮಾಡಿದಳು.

ಬಿತ್ತು.
ಹುಲ್ಲು ದಾಟಿತು, ಮಣ್ಣು ದಾಟಿತು,
ಪರದೆಯ ಅಂಚು ದಾಟಿ ಎಲ್ಲಿಗೋ ಹೋಯಿತು.
ಬದಿಯಲ್ಲಿ ಲೆಕ್ಕ ಮಾತ್ರ ಓಡುತ್ತಿತ್ತು,
ನಾಲ್ಕು ಸಾವಿರ, ಒಂಬತ್ತು ಸಾವಿರ.
ಅಲ್ಲಿ ಕೆಳಗಿಳಿದಷ್ಟೂ ಅಂಕಿ ಏರುತ್ತದಂತೆ.
ಕೊಬ್ಬರಿ ಮಂಡಿಯಲ್ಲೂ ಹೀಗಿದ್ದಿದ್ದರೆ, ಅಂದೆ.
ಯಾರೂ ನಗಲಿಲ್ಲ.

"ನೆಲ ಇತ್ತಲ್ಲ," ಅಂದಳು, ಗಂಟಲು ಕಟ್ಟಿ.
ಮರುಳಯ್ಯ ಎದ್ದು ಬಂದರು, ಕನ್ನಡಕ ಏರಿಸಿ
ಬಹಳ ಹೊತ್ತು ನೋಡಿದರು.
"ಹಳಿ ಹಾಸಿದ ಮಾತ್ರಕ್ಕೆ ಲೈನ್ ಆಗಲ್ಲ ಮಗಾ.
ಇದು ಲೈನು ಅಂತ ಕ್ಯಾಬಿನ್ನಿಗೆ ತಿಳಿಸಬೇಕು.
ಅಲ್ಲೀ ತನಕ ಬರೀ ಕಬ್ಬಿಣ."

ಹುಡುಕಿದಳು. ನೆಲಕ್ಕೊಂದು ಮೈ ಬೇಕಂತೆ,
ಮೈಗೊಂದು ಆಕಾರ.
ಹುಲ್ಲಿನ ಮೇಲೆ ತೆಳು ನೀಲಿ ಪಟ್ಟಿ ಹಾಸಿದಳು,
ಕಾಯಿಗೂ ಒಂದು ನೀಲಿ ಬಳೆ.
ಆಡುವವರಿಗೆ ಅದು ಕಾಣುವುದಿಲ್ಲ.

"ತಾತಂದು ಮೊದಲು ಮುಗಿಸೋಣ," ಅಂದು ತಾನೇ ಎದ್ದಳು.

ಹೆಬ್ಬೆರಳು ಇಟ್ಟರು. ಕೆಂಪು ದೀಪ.
ಪಂಚೆಗೆ ಒರೆಸಿ ಇಟ್ಟರು. ಕೆಂಪು.
ಅಷ್ಟು ವರ್ಷ ಲಿವರ್ ಎಳೆದ ಕೈ, ಗೆರೆ ಎಲ್ಲಿ ಉಳಿದೀತು.
ಎಡಗೈ. ಅದೂ ಕೆಂಪು.
"ಇಲ್ಲೇ ಇದೀನಲ್ಲ," ಅಂದರು ಯಂತ್ರಕ್ಕೆ,
ಜೋರಾಗಿ ಅಲ್ಲ.
ತಸ್ಮಿಯಾ ಅವರ ಮಣಿಕಟ್ಟು ಹಿಡಿದು
ಉಂಗುರದ ಬೆರಳನ್ನು ಓರೆ ಇಟ್ಟಳು, ಒತ್ತಿದಳು,
ಇನ್ನೂ ಸ್ವಲ್ಪ ಓರೆ.
ಹಸಿರು.
"ಸಿಗ್ನಲ್ ಬಿತ್ತು."

ಮೂವತ್ತು ರೂಪಾಯಿ ಕೊಟ್ಟರು, ಹೋಗಲಿಲ್ಲ.
ಅವಳು ಮತ್ತೆ ಚಾಲೂ ಮಾಡಿದಳು.
ಕಾಯಿ ಬಿತ್ತು, ಹುಲ್ಲಿಗೆ ತಾಗಿತು,
ಒಂದು ಸಲ ಪುಟಿದು ನಿಂತಿತು.

ಮೂವರೂ ಸುಮ್ಮನೆ ನೋಡಿದೆವು.
"ಒಡೆಯಲ್ವೇ?" ಅಂದರು ಮರುಳಯ್ಯ.
"ಅದು ನಾಳೆ, ತಾತ."